ಹುಟ್ಟು ಹಿಡಿಸಿದ ಗುರು

ಕಾಶ್ಮೀರವೆಂದೊಡನೆ ಹಿಮ ಮುಸುಕಿದ ಗಿರಿಶಿಖರಗಳು, ಕೇಸರಿಯ ಹೊಲಗಳು, ದಾಲ್ ಸರೋವರದಲ್ಲಿ ತೇಲುವ ದೋಣಿಮನೆಗಳು ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆ ಕಣಿವೆಯ ಮುಖ್ಯ ಪಟ್ಟಣವಾದ ಶ್ರೀನಗರವನ್ನು ಸೀಳಿಕೊಂಡು ಝೇಲಂ ನದಿ ಹರಿಯುತ್ತದೆ. ಹಿಂದಿನ ಕಾಲದಲ್ಲಿ ಆ ನದಿಯೇ ಊರಿನ ರಾಜಬೀದಿ. ಹೀಗೆ ನೀರಿನ ನಡುವೆಯೇ ಹುಟ್ಟಿ ಬೆಳೆದರೂ ಅಲ್ಲಿನ ಮೇಲ್ಕುಲದ ಬಾಲಕರಲ್ಲಿ ಬಹುಮಂದಿಗೆ ಈಜು ಬರುತ್ತಿರಲಿಲ್ಲ. ದೋಣಿಯ ಹುಟ್ಟನ್ನು ಅವರು ಕೈಯಿಂದ ಮುಟ್ಟುತ್ತಲೂ ಇರಲಿಲ್ಲ. ಹುಟ್ಟುಹಾಕುವುದು ಹಾಂಜಿಗಳೆಂಬ ಅಂಬಿಗರ ಕಸುಬು; ಮೈಬಗ್ಗಿಸಿ ದುಡಿಯುವುದು ಕೂಲಿಕಾರರ ಪಾಡು; ಓದುಬರಹ ಬಲ್ಲವನಿಗೆ ಅದು ಸಲ್ಲದು ಎಂಬ ಭಾವನೆ ಅಂದಿನ ಸಮಾಜದಲ್ಲಿ ಆಳವಾಗಿ ಬೇರೂರಿತ್ತು. ಆಟದ ಬಯಲಿನಿಂದ ಈ ಬೇರನ್ನು ಅಲುಗಿಸಿದವರು ಸೆಸಿಲ್ ಅರ್ಲ್ ಟಿಂಡೇಲ್ ಬಿಸ್ಕೋ.

ಬಿಸ್ಕೋ ಅವರು 1863ರ ಫೆಬ್ರವರಿ 9ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಸಿರಿವಂತ ಮನೆತನವೊಂದರಲ್ಲಿ ಜನಿಸಿದರು. ಬ್ರ್ಯಾಡ್‌ಫೀಲ್ಡ್ ಎಂಬ ಖಾಸಗಿ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಮೈಕಟ್ಟು ಸಣ್ಣದು. ಬಲಿಷ್ಠ ಹುಡುಗರ ಕಾಟಕ್ಕೆ ಸಿಕ್ಕಿ ನರಳಿದ ಬಾಲ್ಯ ಅವರದು. ದುರ್ಬಲರನ್ನು ಹಿಂಸಿಸುವವರ ಮೇಲೆ ಅವರಿಗೆ ಕೊನೆಯವರೆಗೂ ಇದ್ದ ಕೋಪಕ್ಕೆ ಈ ಅನುಭವವೇ ಮೂಲವಿರಬೇಕು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೀಸಸ್ ಕಾಲೇಜನ್ನು ಸೇರಿದಾಗ ಅದೇ ಕಿರಿದಾದ ಮೈಕಟ್ಟು ವರವಾಗಿ ಪರಿಣಮಿಸಿತು. ಪಂದ್ಯದ ದೋಣಿಯಲ್ಲಿ ಎಂಟು ಮಂದಿ ಹುಟ್ಟುಹಾಕಿದರೆ, ಅವರಿಗೆದುರಾಗಿ ಕುಳಿತು ಚುಕ್ಕಾಣಿ ಹಿಡಿದು ದಾರಿ ತೋರುವವನು ಒಬ್ಬನೇ; ಅವನು ಹಗುರವಾಗಿದ್ದಷ್ಟೂ ದೋಣಿಗೆ ಅನುಕೂಲ. 1884ರಲ್ಲಿ ಥೇಮ್ಸ್ ನದಿಯ ಮೇಲೆ ನಡೆದ ಪ್ರಸಿದ್ಧ ಪಂದ್ಯದಲ್ಲಿ ಆಕ್ಸ್‌ಫರ್ಡನ್ನು ಸೋಲಿಸಿದ ಕೇಂಬ್ರಿಜ್ ದೋಣಿಯ ಚುಕ್ಕಾಣಿ ಬಿಸ್ಕೋ ಅವರ ಕೈಯಲ್ಲಿತ್ತು. ಅನಂತರ ಅವರು ಪಾದ್ರಿಯಾಗಿ ದೀಕ್ಷೆ ಪಡೆದು, ಲಂಡನ್ನಿನ ಬಡವರ ಕೇರಿಗಳಲ್ಲಿ ಕೆಲಕಾಲ ಸೇವೆ ಸಲ್ಲಿಸಿ, 1890ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಬಂದರು.

ಸುಮಾರು ಹತ್ತು ವರ್ಷಗಳ ಹಿಂದೆ ಆರಂಭವಾಗಿದ್ದ ಆ ಶಾಲೆಯಲ್ಲಿ ಆಗ ಇನ್ನೂರರಷ್ಟು ವಿದ್ಯಾರ್ಥಿಗಳಿದ್ದರು. ಬಹುಪಾಲು ಬ್ರಾಹ್ಮಣ ಮನೆತನದವರು. ಮೊಣಕಾಲಿನ ಕೆಳಗೂ ಇಳಿಯುವ ಫೆರನ್ ಎಂಬ ನಿಲುವಂಗಿ, ಕಾಲಿಗೆ ಮರದ ಹಾವುಗೆ, ಚಳಿಗಾಲದಲ್ಲಿ ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿ. ಆ ಉಡುಪಿನಲ್ಲಿ ಓಡುವುದಂತೂ ಆಗದ ಮಾತು. ಇಂಗ್ಲಿಷ್ ಕಲಿತು ಪರೀಕ್ಷೆ ಮುಗಿಸಿ ಸರ್ಕಾರಿ ನೌಕರಿ ಸೇರುವುದೊಂದೇ ಅವರ ಗುರಿ. ಆಟವೆಂದರೆ ಕಾಲಹರಣ, ತೋಳಿನಲ್ಲಿ ಮಾಂಸಖಂಡ ಉಬ್ಬಿದರೆ ಕೂಲಿಯವನಂತೆ ಕಂಡೇನೆಂಬ ಅಳುಕು.

1891ರಲ್ಲಿ ವಿವಾಹವಾಗಿ ಪತ್ನಿಯೊಡನೆ ಮುಂಬಯಿಯಿಂದ ಹಿಂದಿರುಗುವಾಗ ಬಿಸ್ಕೋ ಒಂದು ಕಾಲ್ಚೆಂಡನ್ನು ತಂದರು. ಶಾಲೆಯಲ್ಲಿ ಅದನ್ನು ಎತ್ತಿ ತೋರಿಸಿದಾಗ, ಇದರಿಂದ ಹಣ ಬರುವುದೇ ಎಂದು ವಿದ್ಯಾರ್ಥಿಗಳು ವಿಚಾರಿಸಿದರು. ಬಾರದೆಂದು ತಿಳಿದಾಗ ಅವರ ಆಸಕ್ತಿ ಕುಂದಿತು. ಚೆಂಡು ಚರ್ಮದಿಂದ ಮಾಡಿದ್ದೆಂದು ಗೊತ್ತಾದೊಡನೆ ಹಿಂದೆ ಸರಿದರು. ಚರ್ಮವನ್ನು ಮುಟ್ಟಿದರೆ ಮೈಲಿಗೆ. ಅಂದು ಮಧ್ಯಾಹ್ನವೇ ಆಟ ನಡೆಯತಕ್ಕದ್ದೆಂದು ಬಿಸ್ಕೋ ಆಜ್ಞೆ ಮಾಡಿದರು. ಕೋಲು ಹಿಡಿದ ಉಪಾಧ್ಯಾಯರ ಕಾವಲಿನಲ್ಲಿ ವಿದ್ಯಾರ್ಥಿಗಳು ಬೀದಿಗಳನ್ನು ಹಾದು ಬಯಲಿಗೆ ಬಂದರು. ಈ ವಿಚಿತ್ರವನ್ನು ನೋಡಲು ಜನ ನೆರೆದಿದ್ದರು. ಆಟಗಾರರನ್ನು ಸ್ಥಾನಗಳಲ್ಲಿ ನಿಲ್ಲಿಸಿ ಚೆಂಡನ್ನು ನಡುವೆ ಇಟ್ಟರೆ ಯಾರ ಕಾಲೂ ಮುಂದೆ ಬರಲೊಲ್ಲದು. ಸಮಾಜದ ಹಿರಿಯರು ಎದುರಿಗೇ ನಿಂತಿದ್ದಾರೆ. ಬೆನ್ನ ಹಿಂದೆ ಕೋಲುಗಳಿವೆ. ಬಿಸ್ಕೋ ಗಡಿಯಾರ ಹಿಡಿದು ಕೆಲವು ನಿಮಿಷಗಳ ಗಡುವು ಕೊಟ್ಟರು. ಗಡುವು ತೀರಿದಾಗ ಕೋಲುಗಳು ಮೇಲೆದ್ದವು. ಮರುಕ್ಷಣವೇ ಚೆಂಡು ಉರುಳಿತು. ಹಾವುಗೆಗಳು ಹಾರಿದವು, ರುಮಾಲುಗಳು ಬಿಚ್ಚಿಹೋದವು, ನಿಲುವಂಗಿಗಳು ಒಂದಕ್ಕೊಂದು ತೊಡರಿದವು. ಅಷ್ಟರಲ್ಲಿ ಚೆಂಡು ಒಬ್ಬ ಬಾಲಕನ ಮುಖಕ್ಕೆ ಬಡಿಯಿತು. ಆಟ ಅಲ್ಲಿಗೇ ನಿಂತಿತು. ಅವನಿಗೆ ನೋವಿಗಿಂತ ಮೈಲಿಗೆಯಾಯಿತೆಂಬ ಭಯವೇ ಹೆಚ್ಚಾಗಿ ಅಳತೊಡಗಿದನು, ಸಂಗಡಿಗರೂ ಕಂಗಾಲಾದರು. ನೀರಿನ ಬಳಿಗೆ ಒಯ್ದು ಮುಖ ತೊಳೆಸಿರೆಂದು ಬಿಸ್ಕೋ ಸೂಚಿಸಿದರು. ಮುಖ ತೊಳೆದು ಬಂದ ಮೇಲೆ ಆಟ ಮುಂದುವರಿಯಿತು.

ಈ ಪ್ರಸಂಗವನ್ನು ಬಿಸ್ಕೋ ತಮ್ಮ ಬರಹಗಳಲ್ಲಿ ನಗುನಗುತ್ತಾ ವರ್ಣಿಸಿದ್ದಾರೆ. ಆದರೆ ಆ ಬಾಲಕರಿಗೆ ಅದು ನಗೆಯ ಮಾತಾಗಿರಲಾರದು. ಕೋಲಿನ ಭಯ ತೋರಿಸಿ ಆಡಿಸುವುದು ಎಂಥ ಆಟ ಎಂಬ ಪ್ರಶ್ನೆ ಇಂದು ಸಹಜವಾಗಿಯೇ ಏಳುತ್ತದೆ. ಆಳುವ ಜನಾಂಗದವರಿಗಿದ್ದ ದರ್ಪ ಬಿಸ್ಕೋ ಅವರಲ್ಲೂ ಇತ್ತು. ಕಾಶ್ಮೀರಿಗಳನ್ನು ಹೇಡಿಗಳೆಂದು ಅವರು ಅನೇಕ ಕಡೆ ಹಳಿದಿದ್ದಾರೆ. 1877ರಿಂದ 1879ರವರೆಗೆ ಆ ಕಣಿವೆಯನ್ನು ಹಿಂಡಿದ ಘೋರ ಕ್ಷಾಮ, ರೈತರನ್ನು ಹಿಡಿದೊಯ್ದು ಹೊರೆ ಹೊರಿಸುತ್ತಿದ್ದ ಬಿಟ್ಟಿ ದುಡಿಮೆ, ತಲೆಮಾರುಗಳ ದಬ್ಬಾಳಿಕೆ, ಇವು ಒಂದು ಜನತೆಯನ್ನು ಹೇಗೆ ಕುಗ್ಗಿಸುತ್ತವೆಂಬುದನ್ನು ತೂಗಿ ನೋಡುವ ತಾಳ್ಮೆ ಅವರಿಗೆ ಸಾಲದಾಯಿತು. ಆದರೂ ಅವರನ್ನು ಅಷ್ಟರಿಂದಲೇ ಅಳೆಯುವಂತಿಲ್ಲ. ಅಂದಿನ ಚೆಂಡಾಟ ಆರಂಭ ಮಾತ್ರ. ಅವರ ನಿಜವಾದ ಕೆಲಸ ನೀರಿನಲ್ಲಿ ನಡೆಯಿತು.

ನದಿಯೂ ಸರೋವರಗಳೂ ತುಂಬಿದ ಊರಿನಲ್ಲಿ ಜನ ಮುಳುಗಿ ಸಾಯುವುದು ಅಪರೂಪವಾಗಿರಲಿಲ್ಲ. ದಡದಲ್ಲಿದ್ದವರು ಕೈಚೆಲ್ಲಿ ನೋಡುವುದೊಂದನ್ನೇ ಬಲ್ಲವರು. ಬಿಸ್ಕೋ ಈಜನ್ನು ಪಾಠದ ಭಾಗವಾಗಿ ಮಾಡಿದರು. ಗೊತ್ತಾದ ವಯಸ್ಸಿನೊಳಗೆ ಈಜು ಕಲಿಯದ ವಿದ್ಯಾರ್ಥಿಯ ಶಾಲಾ ಶುಲ್ಕವನ್ನು ಏರಿಸುವ ನಿಯಮ ಜಾರಿಗೆ ಬಂದಿತು. ಕೋಲಿಗಿಂತ ಈ ಉಪಾಯ ಚೆನ್ನಾಗಿ ಫಲಿಸಿತು. ಮಕ್ಕಳನ್ನು ನೀರಿಗಿಳಿಸಲು ತಂದೆತಾಯಿಗಳೇ ಅವಸರಪಟ್ಟರು! ಕ್ರಮೇಣ ದಾಲ್ ಸರೋವರವನ್ನು ಈಜಿ ದಾಟುವುದು ಶಾಲೆಯ ವಾರ್ಷಿಕ ಉತ್ಸವವಾಯಿತು. ಮುಂದೆ, ಬಿರುಗಾಳಿಗೆ ಹೆಸರಾದ ವುಲಾರ್ ಸರೋವರವನ್ನೂ ವಿದ್ಯಾರ್ಥಿಗಳು ಈಜಿ ದಾಟಿದರು. ದೋಣಿಯ ವಿಷಯದಲ್ಲೂ ಹೀಗೆಯೇ. ಅಂಬಿಗರ ಹುಟ್ಟನ್ನು ಹಿಡಿದು ಜನರ ಕಣ್ಣಿಗೆ ಬೀಳಲು ಮೊದಮೊದಲು ನಾಚಿದವರು, ಬರಬರುತ್ತಾ ಸೇತುವೆಗಳ ಮೇಲೆ ನಿಂತ ಜನರ ಎದುರಿಗೇ ಪಂದ್ಯಗಳಲ್ಲಿ ದೋಣಿ ಓಡಿಸಿದರು. ಪಂಡಿತರ ಮಗನೂ ಮುಸಲ್ಮಾನನ ಮಗನೂ ಒಂದೇ ದೋಣಿಯಲ್ಲಿ ಕುಳಿತು ಒಂದೇ ಲಯಕ್ಕೆ ಹುಟ್ಟುಹಾಕುವುದು ಆ ಊರಿಗೆ ಹೊಸ ನೋಟ.

ಬಿಸ್ಕೋ ಅವರಿಗೆ ಪಂದ್ಯದ ಗೆಲುವು ದೊಡ್ಡದಾಗಿರಲಿಲ್ಲ. ಶಾಲೆಯಲ್ಲಿ ಬುದ್ಧಿಗೆ ಮಾತ್ರವಲ್ಲದೆ ದೇಹಪಟುತ್ವಕ್ಕೂ ನಡತೆಗೂ ಅಂಕಗಳಿದ್ದವು. ಪಳಗಿದ ತೋಳು ಪರರ ಕಷ್ಟಕ್ಕೆ ಒದಗಿತೇ ಎಂಬುದೇ ಅಲ್ಲಿನ ಕೊನೆಯ ಪರೀಕ್ಷೆ. ಮರದ ಮನೆಗಳು ಒತ್ತೊತ್ತಾಗಿದ್ದ ಶ್ರೀನಗರದಲ್ಲಿ ಬೆಂಕಿ ಬಿದ್ದರೆ ಕೇರಿಗೆ ಕೇರಿಯೇ ಬೂದಿಯಾಗುತ್ತಿತ್ತು. ಅಂಥ ಕಡೆಗೆ ಶಾಲೆಯ ವಿದ್ಯಾರ್ಥಿಗಳು ನೀರಿನ ಪಂಪಿನೊಡನೆ ಧಾವಿಸುತ್ತಿದ್ದರು. ಝೇಲಂ ಉಕ್ಕಿ ಹರಿದಾಗ ಮನೆಗಳಲ್ಲಿ ಸಿಕ್ಕಿಕೊಂಡವರನ್ನು ದೋಣಿಗಳಲ್ಲಿ ಕರೆತಂದರು. ಕಾಲರಾ ಬಂದಾಗ, ಹಿಂದೆ ಚೆಂಡಿಗೆ ಹೇಸಿದ ಕುಲದ ಹುಡುಗರೇ ಸಲಿಕೆ ಹಿಡಿದು ಬೀದಿಯ ಕೊಳೆ ತೆಗೆದರು. ಮಿಷನ್ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ರೋಗಿಗಳನ್ನು ಜಾತಿ ಮತ ನೋಡದೆ ದೋಣಿಗಳಲ್ಲಿ ಕೂರಿಸಿ ದಾಲ್ ಸರೋವರದ ಗಾಳಿಗೆ ಕರೆದೊಯ್ಯುವುದು ಶಾಲೆಯ ರೂಢಿಯಾಯಿತು. ಮುಳುಗುತ್ತಿದ್ದವರ ಪ್ರಾಣವನ್ನು ಈ ಬಾಲಕರು ಉಳಿಸಿದ ಪ್ರಸಂಗಗಳು ಒಂದೆರಡಲ್ಲ. ಇದನ್ನೆಲ್ಲ ವಿದೇಶಿ ಪಾದ್ರಿಯೊಬ್ಬರೇ ಮಾಡಿಸಿದರೆಂದರೆ ಅನ್ಯಾಯವಾದೀತು. ನೆಂಟರಿಷ್ಟರ ನಿಂದೆಯನ್ನು ಸಹಿಸಿ ಮಕ್ಕಳಿಗಿಂತ ಮೊದಲೇ ನೀರಿಗಿಳಿದ ಕಾಶ್ಮೀರಿ ಉಪಾಧ್ಯಾಯರ ಧೈರ್ಯ ಅವರ ಧೈರ್ಯಕ್ಕಿಂತ ಹಿರಿದು. ಮತಪ್ರಚಾರಕ್ಕೆಂದು ಬಂದ ಬಿಸ್ಕೋ ಅವರ ಶಾಲೆಯಲ್ಲಿ ಮತಾಂತರಗೊಂಡವರು ತೀರ ವಿರಳ ಎಂಬುದೂ ಗಮನಾರ್ಹವಾದುದು.

ಐವತ್ತಕ್ಕೂ ಹೆಚ್ಚು ವರ್ಷಗಳನ್ನು ಕಾಶ್ಮೀರದಲ್ಲಿ ಕಳೆದು, 1947ರಲ್ಲಿ ಬಿಸ್ಕೋ ಆ ಕಣಿವೆಯನ್ನು ಬಿಟ್ಟು ಹೊರಟರು. 1949ರಲ್ಲಿ ಆಫ್ರಿಕದ ದಕ್ಷಿಣ ರೊಡೇಶಿಯದಲ್ಲಿ, ಅಂದರೆ ಈಗಿನ ಜಿಂಬಾಬ್ವೆಯಲ್ಲಿ, ಅವರು ತೀರಿಕೊಂಡರು. ಶ್ರೀನಗರದ ಶೇಖ್ ಬಾಗಿನಲ್ಲಿರುವ ಶಾಲೆ ಇಂದು ಅವರ ಹೆಸರನ್ನೇ ಹೊತ್ತಿದೆ. ಒಂದರ ಮೇಲೊಂದು ಅಡ್ಡವಾಗಿ ಇಟ್ಟ ಎರಡು ಹುಟ್ಟುಗಳು ಅದರ ಲಾಂಛನ. ಹುಟ್ಟು ದುಡಿಮೆಯ ಗುರುತು. ಹೃದಯದ ಆಕಾರದಲ್ಲಿರುವ ಅದರ ಅಲಗು ಕರುಣೆಯ ಗುರುತು.