ಹಳೇ ಬಿಡಿಭಾಗ, ಹೊಸ ಆಟ: ಗುನ್‌ಪೇ ಯೊಕೊಯಿ

ಹಾಸ್ಟೆಲ್‌ನಲ್ಲಿ ಯಾರದಾದ್ರೂ ರೂಮಿಗೆ ಹೋಗಿ ಗೇಮ್‌ಪ್ಯಾಡ್ ಒಂದನ್ನ ಕೈಗೆ ತಗೊಳ್ಳಿ. ಅದು ಎಕ್ಸ್‌ಬಾಕ್ಸ್‌ನದಾಗಲಿ, ಪ್ಲೇಸ್ಟೇಷನ್‌ನದಾಗಲಿ, ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಅಗ್ಗದ ಯುಎಸ್‌ಬಿ ಪ್ಯಾಡ್ ಆಗಲಿ, ಎಡಗಡೆ ಪ್ಲಸ್ ಗುರುತಿನ ಹಾಗೆ ನಾಲ್ಕು ದಿಕ್ಕಿನ ಬಟನ್ ಇದ್ದೇ ಇರುತ್ತೆ. ನಾವು ಅದನ್ನ ನೋಡೋದೂ ಇಲ್ಲ, ಹೆಬ್ಬೆರಳು ತಾನಾಗೇ ಹೋಗಿ ಅಲ್ಲಿ ಕೂರುತ್ತೆ. ಡಿ-ಪ್ಯಾಡ್ ಅಂತ ಕರೆಯೋ ಈ ಬಟನ್ನನ್ನ ಆಟಕ್ಕೆ ತಂದ ಎಂಜಿನಿಯರ್ ಗುನ್‌ಪೇ ಯೊಕೊಯಿ. ಗೇಮ್ ಬಾಯ್ ಮಾಡಿದ ತಂಡದ ಮುಖ್ಯಸ್ಥರೂ ಇವರೇ. ಇವರು ಕಂಪನಿಗೆ ಸೇರಿದ್ದು ಮಾತ್ರ ಮೆಷಿನ್ ರಿಪೇರಿ ಕೆಲಸಕ್ಕೆ.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೊದಲ್ಲಿ. ಅದೇ ಊರಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಓದಿದ್ರು. ಮಾರ್ಕ್ಸ್ ಹೇಳಿಕೊಳ್ಳುವಂತೆ ಏನೂ ಇರಲಿಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಅರ್ಜಿ ಹಾಕಿದ್ರು, ಒಂದರಲ್ಲೂ ಆಗಲಿಲ್ಲ. ಕೊನೆಗೆ 1965ರಲ್ಲಿ ಊರಲ್ಲೇ ಇದ್ದ ಒಂದು ಇಸ್ಪೀಟು ಕಂಪನಿಗೆ ಸೇರಿಕೊಂಡ್ರು. ಆ ಕಂಪನಿಯ ಹೆಸರು ನಿಂಟೆಂಡೊ. 1889ರಲ್ಲಿ ಶುರುವಾದ ನಿಂಟೆಂಡೊ ಆಗ ಮುಖ್ಯವಾಗಿ ಮಾಡ್ತಿದ್ದದ್ದು ಹನಾಫುದಾ ಅನ್ನೋ ಹೂವಿನ ಚಿತ್ರಗಳ ಎಲೆಗಳು ಮತ್ತು ಇಸ್ಪೀಟು. ಆ ಎಲೆಗಳನ್ನ ತಯಾರಿಸೋ ಯಂತ್ರಗಳು ಕೆಡದ ಹಾಗೆ ನೋಡಿಕೊಳ್ಳೋದು ಯೊಕೊಯಿ ಕೆಲಸ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ನಮ್ಮ ಯಾರಿಗಾದ್ರೂ ಇಂಥ ಆಫರ್ ಬಂದ್ರೆ ಮನೆಯಲ್ಲಿ ಹೇಳೋಕೂ ಮುಜುಗರ ಪಡ್ತೀವೇನೋ.

ಯಂತ್ರಗಳು ಸರಿಯಾಗಿ ಓಡ್ತಿದ್ರೆ ಮೇಂಟೆನೆನ್ಸ್ ಎಂಜಿನಿಯರ್‌ಗೆ ಕೆಲಸ ಇರಲ್ಲ. ಬಿಡುವಿನಲ್ಲಿ ಯೊಕೊಯಿ ಅಲ್ಲಿನ ಉಪಕರಣಗಳನ್ನೇ ಬಳಸಿ ತಮ್ಮ ಖುಷಿಗೆ ಒಂದು ಆಟಿಕೆ ಮಾಡಿಕೊಂಡ್ರು. ಕತ್ತರಿ ಹಾಗೆ ಒಂದಕ್ಕೊಂದು ಜೋಡಿಸಿದ ಪಟ್ಟಿಗಳು, ಹಿಡಿ ಒತ್ತಿದ್ರೆ ಮುಂದಕ್ಕೆ ಚಾಚಿ ದೂರದ ವಸ್ತುವನ್ನ ಹಿಡಿಯೋ ಕೈ. ಕಾರ್ಖಾನೆ ನೋಡಲು ಬಂದ ಅಧ್ಯಕ್ಷ ಹಿರೋಶಿ ಯಮೌಚಿ ಕಣ್ಣಿಗೆ ಅದು ಬಿತ್ತು. ಆಫೀಸಿಗೆ ಕರೆ ಬಂತು. ಕೆಲಸದ ಹೊತ್ತಲ್ಲಿ ಆಟ ಆಡಿದ್ದಕ್ಕೆ ಬೈಗುಳ ಗ್ಯಾರಂಟಿ ಅಂದುಕೊಂಡೇ ಯೊಕೊಯಿ ಹೋದ್ರು. ಸಿಕ್ಕಿದ್ದು ಮಾತ್ರ ಅದನ್ನೇ ಮಾರಾಟಕ್ಕೆ ತಯಾರು ಮಾಡಬೇಕು ಅನ್ನೋ ಆದೇಶ. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂದ ಆ ಆಟಿಕೆ 10 ಲಕ್ಷಕ್ಕೂ ಹೆಚ್ಚು ಮಾರಾಟ ಆಯ್ತು. ರಿಪೇರಿಯವರು ಆಟಿಕೆ ವಿನ್ಯಾಸಕಾರರಾದ್ರು.

ಮುಂದಿನ ಕೆಲವು ವರ್ಷ ಯೊಕೊಯಿ ಮಾಡಿದ ಆಟಿಕೆಗಳನ್ನ ಗಮನಿಸಿದ್ರೆ ಅವರ ತಲೆ ಹೇಗೆ ಓಡ್ತಿತ್ತು ಅನ್ನೋದು ಗೊತ್ತಾಗುತ್ತೆ. 1969ರ ಲವ್ ಟೆಸ್ಟರ್ ತಗೊಳ್ಳಿ. ಹುಡುಗ ಹುಡುಗಿ ಕೈ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಒಂದೊಂದು ಎಲೆಕ್ಟ್ರೋಡ್ ಹಿಡ್ಕೋಬೇಕು. ಮುಳ್ಳು ಎಷ್ಟು ಸರಿಯುತ್ತೋ ಅಷ್ಟು ಪ್ರೀತಿ! ಒಳಗೆ ಇದ್ದದ್ದು ಮೈಯಲ್ಲಿ ಹರಿಯೋ ಸಣ್ಣ ಕರೆಂಟನ್ನ ಅಳೆಯೋ ಮೀಟರ್, ನಮ್ಮ ಮೊದಲ ವರ್ಷದ ಲ್ಯಾಬಿನ ಗ್ಯಾಲ್ವನೋಮೀಟರ್ ಇದ್ದ ಹಾಗೆ. ಆಮೇಲೆ ಶಾರ್ಪ್ ಕಂಪನಿಯಿಂದ ಮಸಾಯುಕಿ ಉಯೆಮುರಾ ಅನ್ನೋ ಎಂಜಿನಿಯರ್ ಸೋಲಾರ್ ಸೆಲ್ ಮಾರಲು ನಿಂಟೆಂಡೊಗೆ ಬಂದ್ರು. ಸೋಲಾರ್ ಸೆಲ್ ಅಂದ್ರೆ ಎಲ್ಲರಿಗೂ ವಿದ್ಯುತ್ ಉತ್ಪಾದನೆ ನೆನಪಾಗುತ್ತೆ. ಯೊಕೊಯಿಗೆ ಕಂಡದ್ದು ಬೆಳಕು ಬಿದ್ದಿದ್ದನ್ನ ಪತ್ತೆ ಮಾಡೋ ಒಂದು ಸೆನ್ಸರ್. ಗುರಿಯ ಒಳಗೆ ಸೆಲ್ ಇಟ್ಟು, ಬಂದೂಕಿನ ತುದಿಯಿಂದ ಬೆಳಕು ಹೊಡೆಯೋ ಆಟಿಕೆ 1970ರಲ್ಲಿ ಬಂತು. ಗುಂಡಿಲ್ಲ, ಅಪಾಯ ಇಲ್ಲ, ಬೆಳಕು ತಾಗಿದ್ರೆ ಗುರಿ ಬೀಳುತ್ತೆ. ಮಾರಲು ಬಂದ ಉಯೆಮುರಾ ಮುಂದೆ ನಿಂಟೆಂಡೊಗೇ ಸೇರಿ, 1983ರ ಫ್ಯಾಮಿಕಾಮ್ ಕನ್ಸೋಲ್ ವಿನ್ಯಾಸ ಮಾಡಿದ್ರು ಅನ್ನೋದು ಬೇರೆ ಕಥೆ.

ಎಲ್ಲವೂ ಗೆದ್ದಿತು ಅಂತಲ್ಲ. ಇದೇ ಬೆಳಕಿನ ಬಂದೂಕನ್ನ ದೊಡ್ಡದು ಮಾಡಿ, ಗಿರಾಕಿಯಿಲ್ಲದ ಬೌಲಿಂಗ್ ಅಂಗಳಗಳಲ್ಲಿ ಶೂಟಿಂಗ್ ಆಟ ನಡೆಸೋ ಯೋಜನೆ 1973ರಲ್ಲಿ ಶುರುವಾಯ್ತು. ಅದೇ ವರ್ಷ ತೈಲ ಬಿಕ್ಕಟ್ಟು ಬಂತು, ಆರ್ಡರ್‌ಗಳು ರದ್ದಾದವು, ಕಂಪನಿ ಸಾಲದಲ್ಲಿ ಸಿಕ್ಕಿಕೊಂಡ್ತು.

ಅದರಿಂದ ಹೊರಬರೋಕೆ ದಾರಿ ಮಾಡಿಕೊಟ್ಟಿದ್ದು ಒಂದು ರೈಲು ಪ್ರಯಾಣ. 1970ರ ದಶಕದ ಕೊನೆಗೆ ಯೊಕೊಯಿ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಹೋಗ್ತಿದ್ದಾಗ, ಬೇಸರ ಬಂದ ಒಬ್ಬ ಪ್ರಯಾಣಿಕ ಕ್ಯಾಲ್ಕುಲೇಟರ್ ಬಟನ್ ಸುಮ್ಮನೆ ಒತ್ತುತ್ತಾ ಕೂತಿದ್ದ. ಹೊತ್ತು ಕಳೆಯೋಕೆ ದೊಡ್ಡವರಿಗೂ ಕೈಯಲ್ಲಿ ಏನಾದ್ರೂ ಬೇಕು, ಆದ್ರೆ ಅದು ಬೇರೆಯವರಿಗೆ ಕಾಣಬಾರದು ಅನ್ನೋದು ಯೊಕೊಯಿಗೆ ಹೊಳೀತು. ಸ್ವಲ್ಪ ದಿನದ ನಂತರ ಯಮೌಚಿಯ ಡ್ರೈವರ್ ರಜೆ. ಎಡಗಡೆ ಸ್ಟಿಯರಿಂಗ್ ಇರೋ ವಿದೇಶಿ ಕಾರು ಓಡಿಸೋಕೆ ಬರ್ತಿದ್ದ ಯೊಕೊಯಿಯೇ ಅಧ್ಯಕ್ಷರನ್ನ ಒಂದು ಮೀಟಿಂಗಿಗೆ ಕರ್ಕೊಂಡು ಹೋಗಬೇಕಾಯ್ತು. ದಾರಿಯಲ್ಲಿ ಮಾತಿಗೆ ಮಾತು ಅಂತ ಈ ಐಡಿಯಾ ಹೇಳಿದ್ರು. ಯಮೌಚಿ ಕೇಳಿಸಿಕೊಂಡ ಹಾಗೂ ಕಾಣಲಿಲ್ಲ. ಆದ್ರೆ ಆ ಮೀಟಿಂಗಿನಲ್ಲಿ ಅವರ ಪಕ್ಕ ಕೂತವರು ಶಾರ್ಪ್ ಕಂಪನಿಯ ಅಧ್ಯಕ್ಷರು. ಕೆಲವೇ ದಿನಗಳಲ್ಲಿ ಶಾರ್ಪ್‌ನ ದೊಡ್ಡವರು ನಿಂಟೆಂಡೊ ಬಾಗಿಲಿಗೆ ಬಂದ್ರು.

ಕ್ಯಾಲ್ಕುಲೇಟರ್ ಕಂಪನಿಗಳ ನಡುವೆ ಬೆಲೆ ಇಳಿಸೋ ಪೈಪೋಟಿ ನಡೆದು ಎಲ್‌ಸಿಡಿ ಪರದೆ, ಸಣ್ಣ ಚಿಪ್ ಎಲ್ಲ ಆಗ ಅಗ್ಗವಾಗಿದ್ದವು. ಅದೇ ಭಾಗಗಳಿಂದ 1980ರ ಏಪ್ರಿಲ್‌ನಲ್ಲಿ ಮೊದಲ ಗೇಮ್ ಅಂಡ್ ವಾಚ್ ಬಂತು. ಪರದೆಯಲ್ಲಿ ಪಿಕ್ಸೆಲ್ ಇಲ್ಲ. ಡಿಜಿಟಲ್ ವಾಚಿನ ಅಂಕಿಗಳ ಹಾಗೆ, ಬೊಂಬೆಯ ಒಂದೊಂದು ಭಂಗಿಯನ್ನೂ ಮೊದಲೇ ಎಲ್‌ಸಿಡಿಯಲ್ಲಿ ಕೊರೆದಿಟ್ಟು, ಬೇಕಾದ್ದನ್ನ ಆನ್ ಆಫ್ ಮಾಡೋದಷ್ಟೇ. ಒಂದು ಮೂಲೆಯಲ್ಲಿ ಗಡಿಯಾರ. ನಮ್ಮ ಜಾತ್ರೆಗಳಲ್ಲಿ, ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ಮಾರ್ತಿದ್ದ, ನಮ್ಮಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗ ಹಠ ಮಾಡಿ ಕೊಡಿಸಿಕೊಂಡ ಬ್ರಿಕ್ ಗೇಮ್ ಕೂಡ ಇಂಥದ್ದೇ ಅಗ್ಗದ ಎಲ್‌ಸಿಡಿಯ ಆಟ. ಗೇಮ್ ಅಂಡ್ ವಾಚ್ ಒಟ್ಟು 4.34 ಕೋಟಿ ಮಾರಾಟ ಆಯ್ತು.

ಡಿ-ಪ್ಯಾಡ್ ಹುಟ್ಟಿದ್ದೂ ಇದರಲ್ಲೇ. 1981ರಲ್ಲಿ ಶಿಗೆರು ಮಿಯಾಮೊಟೊ ಅನ್ನೋ ಯುವ ಕಲಾವಿದ ಯೊಕೊಯಿ ಉಸ್ತುವಾರಿಯಲ್ಲಿ ಡಾಂಕಿ ಕಾಂಗ್ ಮಾಡಿದ್ರು. ಮಾರಿಯೋ ಮೊದಲು ಕಾಣಿಸಿಕೊಂಡ ಆಟ ಅದು. ಮರುವರ್ಷ ಅದನ್ನ ಪುಸ್ತಕದ ಹಾಗೆ ಮಡಚೋ ಗೇಮ್ ಅಂಡ್ ವಾಚ್‌ಗೆ ತರಬೇಕಿತ್ತು. ಆರ್ಕೇಡ್ ಜಾಯ್‌ಸ್ಟಿಕ್ ಹಾಕಿದ್ರೆ ಮುಚ್ಚಳ ಮುಚ್ಚಲ್ಲ. ನಾಲ್ಕು ಬೇರೆ ಬೇರೆ ಬಟನ್ ಇಟ್ರೆ ಬೆರಳು ಎಲ್ಲಿದೆ ಅಂತ ಕೆಳಗೆ ನೋಡಬೇಕು. ಯೊಕೊಯಿ ನಾಲ್ಕನ್ನೂ ಒಂದೇ ಪ್ಲಸ್ ಆಕಾರದ ತುಂಡಾಗಿ ಸೇರಿಸಿದ್ರು. ಒಂದು ಕಡೆ ಒತ್ತಿದ್ರೆ ಎದುರಿನ ಕಡೆ ಮೇಲೇಳುತ್ತೆ, ಆದ್ದರಿಂದ ಎಡ ಬಲ ಎರಡೂ ಒಟ್ಟಿಗೆ ಒತ್ತಿಹೋಗೋ ಗೋಜಿಲ್ಲ. ಆಕಾರವೇ ದಿಕ್ಕು ಹೇಳುತ್ತೆ, ಕಣ್ಣು ಪರದೆ ಮೇಲೇ ಇರಬಹುದು. ಫ್ಯಾಮಿಕಾಮ್ ಅದನ್ನೇ ತಗೊಂಡ್ತು, ಆಮೇಲೆ ಜಗತ್ತೇ ತಗೊಂಡ್ತು.

ತಮ್ಮ ಈ ದಾರಿಗೆ ಯೊಕೊಯಿ ಒಂದು ಹೆಸರು ಕೊಟ್ಟಿದ್ರು. ಕನ್ನಡದಲ್ಲಿ ಹೇಳೋದಾದ್ರೆ, ಬಾಡಿದ ತಂತ್ರಜ್ಞಾನವನ್ನ ಅಡ್ಡದಾರಿಯಲ್ಲಿ ಯೋಚಿಸೋದು. ಬಾಡಿದ್ದು ಅಂದ್ರೆ ಕೆಟ್ಟದ್ದು ಅಂತಲ್ಲ. ಎಲ್ಲರೂ ಬಳಸಿ ಬಳಸಿ ದೋಷಗಳೆಲ್ಲ ಗೊತ್ತಾಗಿ, ಬೆಲೆ ಇಳಿದು, ಇನ್ನು ಇದರಲ್ಲಿ ಹೊಸತೇನಿಲ್ಲ ಅಂತ ಜನ ಕೈಬಿಟ್ಟದ್ದು. ಅದಕ್ಕೆ ಯಾರೂ ಕೊಡದ ಕೆಲಸವನ್ನ ಕೊಡಬೇಕು.

ಈ ತತ್ವಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1989ರಲ್ಲಿ, ಗೇಮ್ ಬಾಯ್ ರೂಪದಲ್ಲಿ. 8 ಬಿಟ್ ಪ್ರೊಸೆಸರ್, 160 x 144 ಪಿಕ್ಸೆಲ್ ಪರದೆ, ಬಣ್ಣ ಇಲ್ಲ, ಹಸಿರು ಛಾಯೆಯ ನಾಲ್ಕೇ ಮಟ್ಟ, ಹಿಂದಿನಿಂದ ಬೆಳಕೂ ಇಲ್ಲ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ನಲ್ಲಿ ಬಣ್ಣದ ಪರದೆ, ಬೆಳಕು ಎಲ್ಲ ಇತ್ತು. ಮರುವರ್ಷದ ಸೆಗಾ ಗೇಮ್ ಗಿಯರ್‌ನಲ್ಲೂ ಇತ್ತು. ಸ್ಪೆಕ್ಸ್ ಶೀಟ್ ಪಕ್ಕಪಕ್ಕ ಇಟ್ರೆ ಗೇಮ್ ಬಾಯ್ ಸೋತ ಹಾಗೇ. ಆದ್ರೆ ಲಿಂಕ್ಸ್ ಆರು ಪೆನ್‌ಸೆಲ್ ನುಂಗಿ ನಾಲ್ಕೈದು ಗಂಟೆಗೆ ಸುಸ್ತಾಗ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆ ದಾಟ್ತಿತ್ತು. ಅಮೆರಿಕದಲ್ಲಿ ಲಿಂಕ್ಸ್ ಸುಮಾರು 180 ಡಾಲರ್, ಗೇಮ್ ಬಾಯ್ ಸುಮಾರು 90. ಜೊತೆಗೆ ಟೆಟ್ರಿಸ್. ಬೀಳೋ ಇಟ್ಟಿಗೆಗಳಿಗೆ ಬಣ್ಣ ಯಾಕೆ ಬೇಕು?

ಇದು ಒಬ್ಬರ ಕೆಲಸ ಅಂದ್ರೆ ತಪ್ಪಾಗುತ್ತೆ. ಯೊಕೊಯಿ ಮನಸ್ಸಲ್ಲಿ ಇದ್ದದ್ದು ಗೇಮ್ ಅಂಡ್ ವಾಚ್‌ನ ಮುಂದುವರಿದ ಸರಳ ಆಟಿಕೆ. ಕಾರ್ಟ್ರಿಡ್ಜ್ ಬದಲಿಸಿ ವರ್ಷಗಟ್ಟಲೆ ಆಡುವಂಥ ಗಟ್ಟಿ ಯಂತ್ರ ಬೇಕು ಅಂತ ವಾದ ಮಾಡಿದವರು ಅವರ ಕೈಕೆಳಗಿನ ಸತೋರು ಒಕಾದ. ತಂಡದ ಹುಡುಗನ ಮಾತಿಗೆ ಮುಖ್ಯಸ್ಥರು ಒಪ್ಪಿದ್ದು ದೊಡ್ಡ ವಿಷಯ. ಗೇಮ್ ಬಾಯ್ ಮತ್ತು ಅದರ ಕಲರ್ ಆವೃತ್ತಿ ಸೇರಿ ಸುಮಾರು 11.87 ಕೋಟಿ ಮಾರಾಟ ಆದವು.

ಇಲ್ಲಿಗೇ ಮುಗಿದಿದ್ರೆ ಇದು ಬರೀ ಗೆಲುವಿನ ಕಥೆ ಆಗ್ತಿತ್ತು. 1995ರಲ್ಲಿ ಯೊಕೊಯಿ ವರ್ಚುವಲ್ ಬಾಯ್ ತಂದ್ರು. ಕಣ್ಣಿಗೆ ಆನಿಸಿಕೊಂಡು ನೋಡೋ 3ಡಿ ಯಂತ್ರ. ಇಲ್ಲೂ ತತ್ವ ಅದೇ. ನೀಲಿ, ಹಸಿರು ಎಲ್‌ಇಡಿ ದುಬಾರಿ, ಕೆಂಪು ಅಗ್ಗ, ಬ್ಯಾಟರಿಯೂ ಕಡಿಮೆ ಸಾಕು. ಒಂದೊಂದು ಕಣ್ಣಿಗೂ 224 ಕೆಂಪು ಎಲ್‌ಇಡಿಗಳ ಒಂದೇ ಸಾಲು, ಎದುರಿಗೆ ವೇಗವಾಗಿ ಅದುರೋ ಕನ್ನಡಿ, ಆ ಒಂದು ಸಾಲೇ ಪೂರ್ತಿ ಚಿತ್ರವಾಗಿ ಕಾಣುತ್ತೆ. ಎಂಜಿನಿಯರಿಂಗ್ ಆಗಿ ನೋಡಿದ್ರೆ ಸೊಗಸು. ಆದ್ರೆ ಆಡಿದವರಿಗೆ ಕಣ್ಣು ನೋವು, ತಲೆನೋವು. ತಲೆಗೆ ಕಟ್ಟಿಕೊಳ್ಳೋಕೆ ಆಗಲ್ಲ, ಮೇಜಿನ ಮೇಲಿಟ್ಟು ಬಗ್ಗಿ ನೋಡಬೇಕು. ಸುಮಾರು 7.7 ಲಕ್ಷ ಮಾರಾಟ ಆಗಿ, ವರ್ಷದೊಳಗೆ ನಿಂತುಹೋಯ್ತು.

ಒಂದೇ ತತ್ವ ಒಮ್ಮೆ ಗೆಲ್ಲಿಸಿ ಇನ್ನೊಮ್ಮೆ ಸೋಲಿಸಿದ್ದು ಯಾಕೆ? ನನಗನಿಸೋದು ಇಷ್ಟು. ಗೇಮ್ ಬಾಯ್‌ನಲ್ಲಿ ಬಿಟ್ಟುಕೊಟ್ಟದ್ದು ಬಣ್ಣ, ಉಳಿಸಿಕೊಂಡದ್ದು ಜೇಬು ಮತ್ತು ಬ್ಯಾಟರಿ. ಕೈಯಲ್ಲಿ ಹಿಡಿಯೋ ಆಟಕ್ಕೆ ಜೀವ ಇರೋದೇ ಅಲ್ಲಿ. ವರ್ಚುವಲ್ ಬಾಯ್‌ನ ಜೀವ ಇದ್ದದ್ದು ಕಣ್ಣಿನಲ್ಲಿ, ಕಡಿತ ಬಿದ್ದದ್ದೂ ಕಣ್ಣಿಗೇ. ಅಗ್ಗದ ಭಾಗ ಯಾವುದಕ್ಕೆ ಹಾಕ್ತೀವಿ ಅನ್ನೋದಕ್ಕಿಂತ, ಯಾವುದನ್ನ ಮುಟ್ಟಬಾರದು ಅಂತ ತಿಳಿಯೋದು ಕಷ್ಟದ ಕೆಲಸ.

1996ರ ಆಗಸ್ಟ್‌ನಲ್ಲಿ, 31 ವರ್ಷದ ನಂತರ, ಯೊಕೊಯಿ ನಿಂಟೆಂಡೊ ಬಿಟ್ರು. ಸೋಲಿನಿಂದಲೇ ಬಿಟ್ರು ಅಂತ ಎಲ್ಲರೂ ಅಂದುಕೊಂಡ್ರು. ಆದ್ರೆ ಸ್ವಂತದ್ದೇನಾದ್ರೂ ಮಾಡೋ ಆಸೆ ಅವರಿಗೆ ಮೊದಲಿಂದಲೂ ಇತ್ತು. ವಿಚಿತ್ರ ನೋಡಿ, ಅದೇ ವರ್ಷ ಫೆಬ್ರವರಿಯಲ್ಲಿ ಜಪಾನಿನಲ್ಲಿ ಪೋಕೆಮಾನ್ ಬಂದು, ಮುದಿಯಾಗಿದ್ದ ಗೇಮ್ ಬಾಯ್‌ಗೆ ಮರುಜೀವ ಬಂದಿತ್ತು. ಎರಡು ಯಂತ್ರಗಳನ್ನ ಜೋಡಿಸೋ ಒಂದು ಸಾದಾ ಕೇಬಲ್ ಆ ಆಟದ ಜೀವಾಳ. ಯೊಕೊಯಿ ಕ್ಯೋಟೊದಲ್ಲಿ ಕೋತೊ ಅನ್ನೋ ಸಣ್ಣ ಕಂಪನಿ ಶುರು ಮಾಡಿ, ಬಂದಾಯ್ ಕಂಪನಿಗಾಗಿ ವಂಡರ್‌ಸ್ವಾನ್ ಅನ್ನೋ ಹೊಸ ಕೈ ಯಂತ್ರದ ಕೆಲಸಕ್ಕೆ ಇಳಿದ್ರು. ಅದರಲ್ಲೂ ಕಪ್ಪು ಬಿಳುಪು ಪರದೆಯೇ, ಸೆಲ್ ಮಾತ್ರ ಒಂದೇ ಸಾಕು!

ಅದು ಅಂಗಡಿಗೆ ಬಂದದ್ದನ್ನ ಅವರು ನೋಡಲಿಲ್ಲ. 1997ರ ಅಕ್ಟೋಬರ್ 4ರಂದು ಹೊಕುರಿಕು ಎಕ್ಸ್‌ಪ್ರೆಸ್‌ವೇನಲ್ಲಿ ಅವರಿದ್ದ ಕಾರು ಮುಂದಿನ ಟ್ರಕ್‌ಗೆ ತಾಗಿತು. ಏನಾಗಿದೆ ಅಂತ ನೋಡಲು ಇಳಿದಾಗ ಇನ್ನೊಂದು ಕಾರು ಬಂದು ಗುದ್ದಿತು. ಆಗ ಅವರ ವಯಸ್ಸು 56. ವಂಡರ್‌ಸ್ವಾನ್ 1999ರಲ್ಲಿ ಬಂತು, ಜೊತೆಗೆ ಒಂದು ಪಜಲ್ ಆಟವೂ ಬಂತು. ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ರು: ಗುನ್‌ಪೇ.

ನಮ್ಮ ಪ್ರಾಜೆಕ್ಟ್ ಲ್ಯಾಬಿನ ಕಪಾಟಿನಲ್ಲೂ ಸೀನಿಯರ್‌ಗಳು ಬಿಟ್ಟುಹೋದ ಎಲ್‌ಸಿಡಿ, ಸೆನ್ಸರ್, ಮೋಟರ್‌ಗಳು ಧೂಳು ಹಿಡಿದು ಕೂತಿವೆ. ಎಐ ಇಲ್ಲದ ಪ್ರಾಜೆಕ್ಟಿಗೆ ಬೆಲೆ ಇಲ್ಲ ಅಂತ ಗೋಳಾಡೋ ಮುಂಚೆ ಒಂದ್ಸಲ ಆ ಕಪಾಟು ತೆಗೆದು ನೋಡೋಣ. ರಾತ್ರಿ ಗೇಮ್‌ಪ್ಯಾಡ್ ಹಿಡಿದಾಗ ಎಡ ಹೆಬ್ಬೆರಳು ಎಲ್ಲಿ ಕೂತಿದೆ ಅನ್ನೋದನ್ನೂ ಒಂದ್ಸಲ ನೋಡೋಣ.