ಪಂಡಿತ ಮದನಮೋಹನ ತರ್ಕಾಲಂಕಾರ

ಪಂಡಿತ ಮದನಮೋಹನ ತರ್ಕಾಲಂಕಾರರು ಬಂಗಾಳದ ನದಿಯಾ ಜಿಲ್ಲೆಯ ಬಿಲ್ವಗ್ರಾಮದಲ್ಲಿ 1817ರಲ್ಲಿ ಜನಿಸಿದರು. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮುಂದೆ ಅಲ್ಲಿಯೇ ಸಾಹಿತ್ಯದ ಅಧ್ಯಾಪಕರಾದರು. ಈಶ್ವರಚಂದ್ರ ವಿದ್ಯಾಸಾಗರರು ಅವರ ಸಹಪಾಠಿಗಳೂ ಆಪ್ತಮಿತ್ರರೂ ಆಗಿದ್ದರು.

ಅಕ್ಷರ ಕಲಿತ ಹೆಣ್ಣು ವಿಧವೆಯಾಗುವಳೆಂಬ ಭಯವು ಮನೆಮನೆಯಲ್ಲಿ ಬೇರೂರಿದ್ದ ಕಾಲವದು. 1849ರ ಮೇ 7ರಂದು ಬೆಥೂನ್ ಎಂಬ ಆಂಗ್ಲ ಅಧಿಕಾರಿಯು ಕಲ್ಕತ್ತೆಯಲ್ಲಿ ಬಾಲಿಕೆಯರಿಗಾಗಿಯೇ ಒಂದು ಶಾಲೆಯನ್ನು ತೆರೆದನು. ಅಲ್ಲಿ ಮತಬೋಧೆಗೆ ಎಡೆಯಿರಲಿಲ್ಲ. ಮಕ್ಕಳನ್ನು ಕರೆತರಲು ಗಾಡಿಯ ವ್ಯವಸ್ಥೆಯಿತ್ತು. ಆದರೂ ಕುಲೀನರು ಹಿಂಜರಿದರು. ಆರಂಭದಲ್ಲಿ ಸೇರಿದವರು 21 ಮಂದಿ ಮಾತ್ರ. ಅವರಲ್ಲಿ ತರ್ಕಾಲಂಕಾರರ ಪುತ್ರಿಯರಾದ ಭುವನಮಾಲಾ ಮತ್ತು ಕುಂದಮಾಲಾ ಇದ್ದರು.

ಇದಕ್ಕಾಗಿ ಸ್ವಜನರು ಅವರನ್ನು ಬಹಿಷ್ಕರಿಸಿದರು. ಪಂಡಿತರು ಎದೆಗುಂದಲಿಲ್ಲ. ಆ ಶಾಲೆಯಲ್ಲಿ ತಾವೇ ವೇತನವಿಲ್ಲದೆ ಪಾಠ ಹೇಳಿದರು. ಎಳೆಯರಿಗಾಗಿ ಶಿಶುಶಿಕ್ಷಾ ಎಂಬ ಪಠ್ಯಮಾಲೆಯನ್ನು ರಚಿಸಿದರು. ವಿದ್ಯಾಸಾಗರರು 1850ರಲ್ಲಿ ಶಾಲೆಯ ಕಾರ್ಯದರ್ಶಿಗಳಾದರು.

1858ರಲ್ಲಿ ತರ್ಕಾಲಂಕಾರರು ಕಾಲರಾ ರೋಗದಿಂದ ಕಾಲವಾದರು. ಶಾಲೆಯ ಏಳಿಗೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅದು ಪ್ರೌಢಶಾಲೆಯಾಗಿ ಬೆಳೆದು, 1878ರಲ್ಲಿ ಅಲ್ಲಿನ ಕಾದಂಬಿನಿ ಬಸು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1883ರಲ್ಲಿ ಆಕೆ ಹಾಗೂ ಚಂದ್ರಮುಖಿ ಬಸು ಪದವೀಧರೆಯರಾದರು.

ಸ್ತ್ರೀವಿದ್ಯೆಯನ್ನು ಸಭೆಯಲ್ಲಿ ಹೊಗಳುವುದು ಸುಲಭ. ತನ್ನ ಮನೆಯ ಹೆಣ್ಣುಮಗುವನ್ನೇ ಮೊದಲು ಕಳುಹಿಸುವುದು ಕಠಿಣ. ಆ ಕಠಿಣ ಮಾರ್ಗವನ್ನು ಹಿಡಿದುದರಿಂದಲೇ ಪಂಡಿತರ ಹೆಸರು ಚಿರಸ್ಮರಣೀಯವಾಗಿದೆ.