ಬಿಳಿಯನ್ನು ಉಳಿಸಿಕೊಂಡ ಕಲಾವಿದ: ಕೆ. ವೆಂಕಟಪ್ಪ

ನಮ್ಮ ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹದಮಾಡಿದ ಚರ್ಮ ಬೆಳಕನ್ನು ಬಿಟ್ಟುಕೊಟ್ಟರೆ ಮಾತ್ರ ಗೊಂಬೆಯ ಬಣ್ಣ ಪರದೆಯ ಮೇಲೆ ಅರಳುತ್ತದೆ. ಇಂದು ಗಣಕಯಂತ್ರದಲ್ಲಿ ಚಿತ್ರ ರಚಿಸುವವರೂ ಹಿನ್ನೆಲೆಯನ್ನು ಪಾರದರ್ಶಕವಾಗಿಡಲು ಶ್ರಮಿಸುತ್ತಾರೆ. ಬಣ್ಣದ ಭಿತ್ತಿಪತ್ರದ ಮೇಲೆ ಲಾಂಛನವನ್ನಿಟ್ಟಾಗ ಅದರ ಸುತ್ತ ಬಿಳಿಯ ಚೌಕ ಕಾಣಿಸಿದರೆ ಅಂದಗೆಡುತ್ತದೆ. ಏಕೆಂದರೆ ಬಿಳಿಯೂ ಒಂದು ಬಣ್ಣ, ಅದೂ ಕೆಳಗಿನದನ್ನು ಮುಚ್ಚುತ್ತದೆ. ಈ ಮರ್ಮವನ್ನು ಕುಂಚದಿಂದ ಸಾಧಿಸಿದ ಮಹನೀಯರು ಮೈಸೂರಿನ ಕೆ. ವೆಂಕಟಪ್ಪನವರು.

1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಜನಿಸಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬಸು ಸಹಪಾಠಿ. ತೆಳುವಾದ ಬಣ್ಣವನ್ನು ಬಳಿದು, ಕಾಗದವನ್ನು ನೀರಿನಲ್ಲಿ ತೊಳೆದು, ಮತ್ತೆ ಬಳಿಯುವ ವಿಧಾನವನ್ನು ಅಲ್ಲಿ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥಕ್ಕೂ ಚಿತ್ರ ಬರೆದುಕೊಟ್ಟರು.

1916ರಲ್ಲಿ ಮೈಸೂರಿಗೆ ಹಿಂತಿರುಗಿದ ಮೇಲೆ ಅವರ ಕಲೆ ಹೊಸ ದಾರಿ ಹಿಡಿಯಿತು. ಉದಕಮಂಡಲ, ಕೊಡೈಕಾನಲ್‌ಗಳ ಮಂಜು, ಬೆಟ್ಟ, ಕೆರೆಗಳನ್ನು ಜಲವರ್ಣದಲ್ಲಿ ಮೂಡಿಸಿದರು. ಪಾರದರ್ಶಕ ಜಲವರ್ಣದಲ್ಲಿ ಬೆಳಕಿಗೆ ಬೇರೆ ಬಣ್ಣವಿಲ್ಲ. ಕಾಗದದ ಬಿಳಿಯೇ ಬೆಳಕು. ಎಲ್ಲಿ ಬಳಿಯಬಾರದೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಒಮ್ಮೆ ದಟ್ಟವಾಗಿ ಮುಚ್ಚಿದರೆ ಮೊದಲಿನ ಬಿಳಿ ಮರಳಿ ದೊರೆಯುವುದು ಕಷ್ಟ. ಚಿತ್ರಕಲೆಯ ಜೊತೆಗೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸವನ್ನೂ ಮಾಡಿದರು. ಗಚ್ಚಿನ ಉಬ್ಬುಶಿಲ್ಪಗಳನ್ನೂ ರಚಿಸಿದರು. ವಿವಾಹವಾಗದೆ, ಕಠಿಣ ನಿಯಮಗಳಿಂದ ಬಾಳಿದರು.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಬಳಿಕ ಆಶ್ರಯ ತಪ್ಪಿತು. ಅರಮನೆಯ ಕೆಲಸದ ಸಂಭಾವನೆಗಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೇರಿದರು, ಜಯ ದೊರೆಯಲಿಲ್ಲ. ತನ್ನ ಶ್ರಮಕ್ಕೆ ಬೆಲೆ ಕೇಳುವುದು ಕಲಾವಿದನಿಗೆ ಕುಂದಲ್ಲವೆಂದು ನಂಬಿದ್ದ ಅವರಿಗೆ ಈ ಸೋಲು ಕಹಿಯಾಯಿತು. ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಕುಂಚ ಹಿಡಿದದ್ದು ವಿರಳ. 1965ರಲ್ಲಿ ನಿಧನರಾದರು. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಆಮೇಲೆ ತಲೆಯೆತ್ತಿತು.

ಯಂತ್ರದಲ್ಲಿ ತಪ್ಪಿದರೆ ಒಂದು ಗುಂಡಿಯೊತ್ತಿ ಹಿಂದಕ್ಕೆ ಹೋಗಬಹುದು. ವೆಂಕಟಪ್ಪನವರಿಗೆ ಆ ಅವಕಾಶವಿರಲಿಲ್ಲ. ಬಳಿಯುವುದಕ್ಕಿಂತ ಬಳಿಯದೆ ಬಿಡುವುದೇ ಕಷ್ಟವೆಂಬ ಅವರ ಪಾಠ ವಿದ್ಯಾರ್ಥಿಗಳಾದ ನಮಗೆ ಬದುಕಿನಲ್ಲಿಯೂ ಸಲ್ಲುತ್ತದೆ.